ಲೈನ್, ಬ್ಯಾಟರಿ, ಹೊಂಡ: ಮೂರು ಸೋಲಾರ್ ಬಳಸಿ ನೋಡಿದೆ

ನಮ್ಮಲ್ಲಿ ಮೂರು ಬಗೆಯ ಸೋಲಾರ್ ಇವೆ. ವಿಜಯಪುರದ ಮನೆಗೆ ಕರೆಂಟ್ ಲೈನಿಗೆ ಕೂಡಿಸಿದ ಆನ್‌ಗ್ರಿಡ್, ಇಂಡಿ ಕಡೆಯ ತೋಟದ ಮನೆಗೆ ಲೈನಿಗೆ ಕೂಡಿಸದ, ಬ್ಯಾಟರಿ ಇರುವ ಆಫ್‌ಗ್ರಿಡ್, ಬೋರ್‌ವೆಲ್‌ಗೆ ಸೋಲಾರ್ ಪಂಪ್. ಮಾರುವವರು ಮೂರಕ್ಕೂ ಒಂದೇ ಮಾತು ಹೇಳುತ್ತಾರೆ: ಇನ್ನು ನಿಮಗೆ ಯಾರ ಹಂಗೂ ಇಲ್ಲ. ಬಳಸಿ ನೋಡಿದರೆ ಒಂದೊಂದಕ್ಕೂ ಒಂದೊಂದು ಹಂಗು.

ಹಣದ ಲೆಕ್ಕದಲ್ಲಿ ಆನ್‌ಗ್ರಿಡ್ ಮುಂದೆ. ಒಂದು ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಮಿಕ್ಕಿದ್ದು ನೆಟ್ ಮೀಟರ್ (ನಾವು ಪಡೆದ, ಕೊಟ್ಟ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ದಾಟಿ ಲೈನಿಗೆ ಹೋಗುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವೂ ಇದೆ. ಆದರೆ ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುವ ಮನೆಗೆ ಈ ಲೆಕ್ಕ ಅಷ್ಟಾಗಿ ಕೂಡಿ ಬರಲ್ಲ.

ಇದರ ತೊಡಕು ಗೊತ್ತಾಗುವುದು ಕರೆಂಟ್ ಹೋದಾಗ. ಮಟಮಟ ಮಧ್ಯಾಹ್ನ ಲೈನ್ ಹೋದರೆ ಸೋಲಾರ್ ಕೂಡ ಬಂದ್. "ಇಷ್ಟ್ ಬಿಸಿಲೈತಿ, ಫ್ಯಾನ್ ಯಾಕ ತಿರಗವಲ್ದು?" ಅಂತ ಅವ್ವ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆಯೇ. ಕಂಬದ ಮೇಲೆ ಲೈನ್‌ಮನ್ ಕೆಲಸ ಮಾಡುವಾಗ ನಮ್ಮ ಮಾಳಿಗೆಯಿಂದ ಕರೆಂಟ್ ಹರಿದರೆ ಅವನ ಜೀವಕ್ಕೆ ಕುತ್ತು. ಅದಕ್ಕೇ ಲೈನ್ ಸತ್ತ ಕೂಡಲೇ, ಪ್ಯಾನೆಲ್ಲಿನ ಕರೆಂಟನ್ನು ಮನೆ ಬಳಕೆಗೆ ಮಾರ್ಪಡಿಸುವ ಸೋಲಾರ್ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ.

ಆಫ್‌ಗ್ರಿಡ್‌ಗೆ ಈ ಕಾಟ ಇಲ್ಲ, ಬದಲಿಗೆ ಬ್ಯಾಟರಿಯ ಚಾಕರಿ ಇದೆ. 150 ಆಂಪಿಯರ್-ಅವರ್ (ಎಎಚ್)‌ನ ಎರಡು ಟ್ಯೂಬುಲರ್ ಬ್ಯಾಟರಿ ಅಂದರೆ ಕಾಗದದ ಮೇಲೆ 3.6 ಯೂನಿಟ್. ಬಾಳಿಕೆ ಬರಬೇಕು ಅಂದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ಲೈಟು, ಫ್ಯಾನು, ಟಿವಿಗೆ ಸಾಕು. ಮೋಡದ ದಿನ ರಾತ್ರಿ ಫ್ರಿಜ್ ಇಟ್ಟರೆ ಬೆಳಗಿನ ತನಕ ನಂಬಿಕೆ ಇಲ್ಲ. ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು, ಕೆಲವು ವರ್ಷಕ್ಕೆ ಬ್ಯಾಟರಿಯನ್ನೇ ಬದಲಿಸಬೇಕು. ಬ್ಯಾಟರಿ ತುಂಬಿದ ಮೇಲೆ ಬರುವ ಬಿಸಿಲೆಲ್ಲ ಸುಮ್ನೆ ದಂಡ.

  

ನನಗೆ ಜಾಸ್ತಿ ಹಿಡಿಸಿದ್ದು ಪಂಪ್. ಬ್ಯಾಟರಿಯ ಗೊಡವೆಯೇ ಇಲ್ಲ. ಪ್ಯಾನೆಲ್, ಕಂಟ್ರೋಲರ್, ಮೋಟರ್, ಅಷ್ಟೇ. ಬೆಳಿಗ್ಗೆ ನೀರು ಸಣ್ಣಗೆ ಬರುತ್ತದೆ, ಹೊತ್ತೇರಿದಂತೆ ಜೋರಾಗುತ್ತದೆ, ಮೋಡ ಅಡ್ಡ ಬಂದರೆ ಮತ್ತೆ ಇಳಿಯುತ್ತದೆ. ಬಂದದ್ದೆಲ್ಲ ಕೃಷಿಹೊಂಡಕ್ಕೆ. ಕರೆಂಟ್ ಕೂಡಿಡುವುದಕ್ಕಿಂತ ನೀರು ಕೂಡಿಡುವುದು ಅಗ್ಗ ಅಲ್ವಾ? ಲಿಂಬೆಗಿಡಕ್ಕೆ ನೀರು ಬಿಡಲು ರಾತ್ರಿ ತ್ರೀಫೇಸ್ ಕಾಯುತ್ತಾ, ಟಾರ್ಚ್ ಹಿಡಿದು ಹಾವಿನ ಭಯದಲ್ಲಿ ಓಡಾಡುವುದು ತಪ್ಪಿತು. ಮಳೆಗಾಲದಲ್ಲಿ ಪ್ಯಾನೆಲ್ ಖಾಲಿ ಕೂರುತ್ತದೆ. ಬೋರಿನ ನೀರು ಇಳಿದರೆ ಎಷ್ಟು ಬಿಸಿಲಿದ್ದರೂ ಅಷ್ಟೇ.

ಊರ ಮನೆಗೆ ಆನ್‌ಗ್ರಿಡ್, ಜೊತೆಗೆ ಫ್ಯಾನ್-ಲೈಟಿಗೆ ಬ್ಯಾಟರಿ ಇರುವ ಒಂದು ಸಣ್ಣ ಇನ್ವರ್ಟರ್ ಸಾಕು. ತೋಟದಲ್ಲಿ ಮೊದಲು ಪಂಪ್, ರಾತ್ರಿ ಉಳಿಯುವವರಿದ್ದರೆ ಮಾತ್ರ ಬ್ಯಾಟರಿ. ಲೈನ್, ಬ್ಯಾಟರಿ ಎರಡೂ ಸೇರಿದ ಹೈಬ್ರಿಡ್ ಹಾಕೋಣ ಅಂತ ಅಣ್ಣ ಹೇಳುತ್ತಿದ್ದಾನೆ. ಲಿಥಿಯಂ ಬ್ಯಾಟರಿಯ ಕೊಟೇಶನ್ ನೋಡಿ ಸದ್ಯಕ್ಕೆ ಸುಮ್ಮನಿದ್ದೇವೆ.