ಒಂದೇ ಹರಳು, ಮೂರು ಅಳತೆ: ರೋಧ, ಸೀಬೆಕ್, ನರ್ನ್‌ಸ್ಟ್

ಹರಳು ಲ್ಯಾಂಥನಮ್-ಸ್ಟ್ರಾನ್ಷಿಯಂ ಕ್ಯುಪ್ರೇಟ್ ಎಂಬ ತಾಮ್ರದ ಆಕ್ಸೈಡಿನದು. ಸುಮಾರು 30 ಕೆಲ್ವಿನ್‌ನಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗಿ, ಅದು ಅತಿವಾಹಕವಾಗುತ್ತದೆ, ಅಂದರೆ ವಿದ್ಯುತ್ ರೋಧ ಇಲ್ಲವಾಗುತ್ತದೆ. ಆ ಸಂಕ್ರಮಣ ತಾಪಕ್ಕಿಂತ ಮೇಲೂ ಈ ಜೋಡಿಗಳು ಕ್ಷಣಕಾಲ ಹುಟ್ಟಿ ಕರಗುತ್ತಿರುತ್ತವೆ. ಈ ಏರಿಳಿತವನ್ನು ಯಾವ ಅಳತೆ ನಂಬುವಂತೆ ತೋರಿಸುತ್ತದೆ ಎಂದು ನೋಡಲು ಮೂರನ್ನೂ ಇದೇ ಹರಳಿನ ಮೇಲೆ ಮಾಡಿದೆ.

ರೋಧ ಎಲ್ಲಕ್ಕಿಂತ ಸುಲಭ, ನಾಲ್ಕು ತಂತಿ ಅಂಟಿಸಿದರೆ ಸಾಕು. ಸಂಕ್ರಮಣದ ಹತ್ತಿರ ರೇಖೆ ದುಂಡಗೆ ಬಾಗುತ್ತದೆ. ಭೌತವಿಜ್ಞಾನಿಗಳಾದ ಅಸ್ಲಮಜೋವ್ ಮತ್ತು ಲಾರ್ಕಿನ್ 1968ರಲ್ಲೇ ಇದರ ಲೆಕ್ಕ ಕೊಟ್ಟಿದ್ದಾರೆ. ತೊಡಕು ಇರುವುದು ಹಿನ್ನೆಲೆಯಲ್ಲಿ. ಜೋಡಿಗಳೇ ಇಲ್ಲದಿದ್ದರೆ ರೋಧ ಎಷ್ಟಿರುತ್ತಿತ್ತು ಎಂದು ಊಹಿಸಿ ಕಳೆಯಬೇಕು. ಊಹೆಯ ಗೆರೆಯನ್ನು ತುಸು ಬದಲಿಸಿದ್ದಕ್ಕೇ ಏರಿಳಿತ ಶುರುವಾಗುವ ತಾಪ ಹತ್ತಾರು ಕೆಲ್ವಿನ್ ಸರಿಯಿತು.

ಸೀಬೆಕ್, ಅಂದರೆ ಒಂದು ತುದಿ ಬಿಸಿ ಮಾಡಿದಾಗ ಬಿಸಿ-ತಣ್ಣನೆ ತುದಿಗಳ ನಡುವೆ ಹುಟ್ಟುವ ವೋಲ್ಟೇಜ್, ಈ ಕೆಲಸಕ್ಕೆ ಬೇಡ. ಸಾಮಾನ್ಯ ಎಲೆಕ್ಟ್ರಾನ್‌ಗಳ ವೋಲ್ಟೇಜೇ ದೊಡ್ಡದು, ಏರಿಳಿತದ ಪಾಲು ಅದರಲ್ಲಿ ಮುಳುಗಿಹೋಗುತ್ತದೆ.

ನನ್ನ ಒಲವು ನರ್ನ್‌ಸ್ಟ್ ಕಡೆಗೆ. ಒಂದು ತುದಿ ಬಿಸಿ ಮಾಡಿ, ಲಂಬವಾಗಿ ಕಾಂತಕ್ಷೇತ್ರ ಕೊಟ್ಟು, ಅಡ್ಡಲಾಗಿ ಹುಟ್ಟುವ ವೋಲ್ಟೇಜ್ ಅಳೆಯುವುದು. ಸರಳ ಲೋಹದಲ್ಲಿ ಇದರ ಎರಡು ಪಾಲುಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸಿಹಾಕುವುದರಿಂದ ಹಿನ್ನೆಲೆ ಚಿಕ್ಕದು. ಶ್ರಮ ಮಾತ್ರ ಬಹಳ. ಸಿಗುವುದು ನ್ಯಾನೋವೋಲ್ಟ್‌ಗಳು. ಪಕ್ಕದ ಎರಡು ತಂತಿಗಳು ಕೂದಲೆಳೆಯಷ್ಟು ಓರೆಯಾದರೂ ಸೀಬೆಕ್ ಒಳನುಸುಳುತ್ತದೆ. ಹಾಗಾಗಿ ಪ್ರತಿ ತಾಪದಲ್ಲೂ ಕ್ಷೇತ್ರವನ್ನು ತಿರುಗಿಸಿ ಮತ್ತೆ ಅಳೆದು, ವ್ಯತ್ಯಾಸದ ಅರ್ಧ ತೆಗೆದುಕೊಂಡೆ.

2000ದಲ್ಲಿ ಪ್ರಿನ್ಸ್‌ಟನ್‌ನ ಆಂಗ್ ತಂಡ ಇದೇ ಬಗೆಯ ಹರಳಿನಲ್ಲಿ ಸಂಕ್ರಮಣಕ್ಕಿಂತ ಬಹಳ ಮೇಲೂ ಸಂಕೇತ ಕಂಡು, ಅದನ್ನು ಅತಿವಾಹಕ ಸುಳಿಗಳಿಗೆ, ಅಂದರೆ ಕಾಂತಕ್ಷೇತ್ರ ಒಳಹೊಕ್ಕಲ್ಲಿ ಸುತ್ತುವ ವಿದ್ಯುತ್ ಪ್ರವಾಹಗಳಿಗೆ, ಹೊಂದಿಸಿತು. ನನಗೂ ಸಂಕ್ರಮಣದ ಮೇಲೆ ಉಳಿಯುವ ಈ ಸಂಕೇತದ ಬಾಲ ಉದ್ದವಾಗಿಯೇ ಸಿಕ್ಕಿತು. ಆದರೆ ಬಾಲವೆಲ್ಲ ಜೋಡಿಗಳದ್ದಲ್ಲ: ಎಲೆಕ್ಟ್ರಾನ್‌ಗಳು ಪಟ್ಟೆಪಟ್ಟೆಯಾಗಿ ಸಾಲುಗಟ್ಟುವುದೂ ನರ್ನ್‌ಸ್ಟನ್ನು ಹಿಗ್ಗಿಸಬಲ್ಲದು ಎಂದು 2009ರಲ್ಲಿ ಇದರ ಸೋದರ ಸಂಯುಕ್ತಗಳಲ್ಲಿ ತೋರಿಸಲಾಯಿತು. ಆದ್ದರಿಂದ ಸಂಕೇತದ ಗಾತ್ರಕ್ಕಿಂತ ಕ್ಷೇತ್ರದೊಂದಿಗೆ ಅದು ನಡೆಯುವ ರೀತಿಯನ್ನು ನೋಡಿ. ಏರಿಳಿತದ್ದಾದರೆ ಏರಿ ಬಾಗುತ್ತದೆ, ತಾಪ ಹೆಚ್ಚಿದಂತೆ ಶಿಖರ ದೊಡ್ಡ ಕ್ಷೇತ್ರದ ಕಡೆ ಸರಿಯುತ್ತದೆ. ಸಾಮಾನ್ಯ ಎಲೆಕ್ಟ್ರಾನ್‌ಗಳದ್ದು ನೇರ ಗೆರೆ. 9 ಟೆಸ್ಲಾದೊಳಗೆ ನನಗೆ ಬಾಗು ಕಂಡದ್ದು ಸುಮಾರು 40 ಕೆಲ್ವಿನ್‌ವರೆಗೆ. ಅದರಾಚೆಯ ಬಾಲವನ್ನು ನಾನು ಏರಿಳಿತದ ಲೆಕ್ಕಕ್ಕೆ ಹಾಕಲಿಲ್ಲ.

ಆಯ್ಕೆ ಇದ್ದರೆ ಯಟ್ರಿಯಂ-ಬೇರಿಯಂ ಕ್ಯುಪ್ರೇಟ್ ಹಿಡಿಯಿರಿ: ಅಲ್ಲಿ ಏರಿಳಿತದ ಪಾಲು ಮತ್ತು ಸಾಮಾನ್ಯ ಎಲೆಕ್ಟ್ರಾನ್‌ಗಳ ಪಾಲು, ಇವೆರಡರ ಚಿಹ್ನೆ ವಿರುದ್ಧ, ಬೇರ್ಪಡಿಸುವುದು ಎಷ್ಟೋ ಹಗುರ.