ಇಂಡಕ್ಷನ್ ಸ್ಟೌ: ಏಳು ತಿಂಗಳು ಅಡುಗೆ ಮಾಡಿದ ಮೇಲೆ

ಏಳು ತಿಂಗಳಿಂದ ನಮ್ಮ ಮನೆಯ ಮುಕ್ಕಾಲು ಪಾಲು ಅಡುಗೆ ಇಂಡಕ್ಷನ್ ಸ್ಟೌ ಮೇಲೆಯೇ ಆಗುತ್ತಿದೆ. ನಮ್ಮದು ಬೆಂಗಳೂರಿನ ಹನುಮಂತನಗರ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಸಿಲಿಂಡರ್ ಹೊತ್ತು ತರುವವರಿಗೂ ಕಷ್ಟ, ಕಾಯುವ ನಮಗೂ ಕಷ್ಟ. ಒಂದು ಭಾನುವಾರ ಹುಳಿಗೆ ಬೇಳೆ ಇಟ್ಟಾಗ ಗ್ಯಾಸ್ ಖಾಲಿಯಾಯಿತು. ಅವತ್ತೇ ಸಂಜೆ ಸ್ಟೌ ತಂದೆವು. 2000 ವ್ಯಾಟ್, ಒತ್ತುವ ಬಟನ್ ಇರುವ ಮಾಡೆಲ್, ₹2,750. ಸ್ಟೌ ಬಗ್ಗೆ ನನಗೆ ದೂರಿಲ್ಲ. ಆದರೆ ಅದನ್ನು ಸರಿಯಾಗಿ ಬಳಸಲು ಇನ್ನೂ ₹5,920 ಖರ್ಚಾಯಿತು. ಇದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ಮೊದಲು ಪ್ಲಗ್ ವಿಷಯ. ಸ್ಟೌಗೆ ಇದ್ದದ್ದು ದಪ್ಪ ಮೂರು ಪಿನ್ನಿನ ಪ್ಲಗ್. ಅಡುಗೆಮನೆಯಲ್ಲಿ ಇದ್ದದ್ದು ಮಿಕ್ಸಿ ಹಾಕುವ ಸಣ್ಣ ಪಾಯಿಂಟ್. ನಮ್ಮವರು ಒಂದು ಕನ್ವರ್ಟರ್ ತಂದು ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದರು. ನಾಲ್ಕನೇ ದಿನ ಅನ್ನ ಬೇಯುತ್ತಿರುವಾಗ ಮೀನಿನಂಥ ವಾಸನೆ ಬಂತು. ನಮ್ಮ ಮನೆಗೆ ಮೀನು ತರುವುದೇ ಇಲ್ಲ. ಬಗ್ಗಿ ನೋಡಿದರೆ ಬೋರ್ಡಿನ ಒಂದು ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಟೀ ಬಣ್ಣಕ್ಕೆ ತಿರುಗಿತ್ತು, ಅಂಚು ಮೆತ್ತಗಾಗಿ ಒಳಕ್ಕೆ ಕುಸಿದಿತ್ತು. ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ. ಪ್ಲಗ್ ಕಿತ್ತಾಗ ಕನ್ವರ್ಟರಿನ ಒಂದು ಪಿನ್ ಪೂರ್ತಿ ಕಪ್ಪಾಗಿತ್ತು. ಇನ್ನು ಹತ್ತು ನಿಮಿಷ ನಾನು ಬಾಲ್ಕನಿಯಲ್ಲೇ ಬಟ್ಟೆ ಒಣಹಾಕುತ್ತಾ ಇದ್ದಿದ್ದರೆ ಏನಾಗುತ್ತಿತ್ತೋ! ಈಗಲೂ ನೆನೆಸಿಕೊಂಡರೆ ಕೈ ತಣ್ಣಗಾಗುತ್ತದೆ.

ಲೆಕ್ಕ ಸುಲಭ. 2000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್. ಸಣ್ಣ ಪಾಯಿಂಟ್ ಇರುವುದು 6 ಆಂಪಿಯರಿಗೆ. ಒಂದೆರಡು ನಿಮಿಷ ಓಡಿದರೆ ಏನೂ ಗೊತ್ತಾಗುವುದಿಲ್ಲ, ದಿನಾ ಅರ್ಧ ಗಂಟೆ ಓಡಿದರೆ ಕರಗುತ್ತದೆ. ಮಾರನೇ ದಿನ ಎಲೆಕ್ಟ್ರಿಷಿಯನ್ ಕರೆಸಿ, ಮೇನ್ ಬೋರ್ಡಿನಿಂದಲೇ ಬೇರೆ 4 ಎಂಎಂ ವೈರ್ ಎಳೆಸಿ, 16 ಆಂಪಿಯರ್ ಪಾಯಿಂಟ್ ಹಾಕಿಸಿದೆವು. ಅರ್ಥಿಂಗ್ ಸರಿಯಿದೆಯಾ ಅಂತಲೂ ನೋಡಿಸಿದೆ. ಒಟ್ಟು ₹1,400. ಬಾಡಿಗೆ ಮನೆಯಾದರೆ ಓನರ್ ಹತ್ತಿರ ಮಾತಾಡಿ ಮಾಡಿಸಿಕೊಳ್ಳಿ, ಸುಮ್ನೆ ಬಿಡಬೇಡಿ. ಗೀಸರ್ ಓಡುವಾಗ ನಾನು ಸ್ಟೌ ಹಚ್ಚುವುದಿಲ್ಲ. ಎರಡೂ ಒಟ್ಟಿಗೆ ಓಡಿದರೆ ಹಳೆ ಮನೆಯ ವೈರಿಂಗಿಗೆ ಭಾರ ಜಾಸ್ತಿ.

ಇನ್ನು ಪಾತ್ರೆ. ಈ ಸ್ಟೌನಲ್ಲಿ ಗಾಜು ತಾನಾಗಿ ಕಾಯುವುದಿಲ್ಲ, ಪಾತ್ರೆಯ ತಳವೇ ಕಾಯುತ್ತದೆ. ಗಾಜಿನ ಕೆಳಗೆ ತಂತಿಯ ಸುರುಳಿ ಇದೆ. ಅದರಲ್ಲಿ ಕರೆಂಟ್ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತಾ ಹರಿಯುತ್ತದೆ. ಆಗ ಹುಟ್ಟುವ ಕಾಂತಶಕ್ತಿ, ಆಯಸ್ಕಾಂತ ಅಂಟುವಂಥ ತಳ ಇದ್ದರೆ ಅದರೊಳಗೇ ಬಿಸಿ ಎಬ್ಬಿಸುತ್ತದೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಇಟ್ಟರೆ ಸ್ಟೌ ಬೀಪ್ ಅಂದು ಸುಮ್ಮನಾಗುತ್ತದೆ.

ನಮ್ಮ ಫ್ರಿಜ್ ಬಾಗಿಲಲ್ಲಿ ಮೈಸೂರಿನಿಂದ ತಂದ ಆನೆ ಮ್ಯಾಗ್ನೆಟ್ ಇದೆ. ಅದನ್ನು ಹಿಡಿದು ನಾನು, ಅತ್ತೆ ಇಬ್ಬರೂ ನೆಲದ ಮೇಲೆ ಕೂತು ಪಾತ್ರೆಗಳನ್ನೆಲ್ಲ ಬೋರಲು ಹಾಕಿ ನೋಡಿದೆವು. ಅಲ್ಯೂಮಿನಿಯಂ ಕುಕ್ಕರ್ ಎರಡಕ್ಕೂ ಅಂಟಲಿಲ್ಲ. ಅತ್ತೆಯ ಹಿತ್ತಾಳೆ ಪಾತ್ರೆಗೂ ಇಲ್ಲ. ಆಶ್ಚರ್ಯ ಆದದ್ದು ಸ್ಟೀಲಿನದ್ದು. ಹನ್ನೊಂದು ಸ್ಟೀಲ್ ಪಾತ್ರೆಗಳಲ್ಲಿ ಗಟ್ಟಿಯಾಗಿ ಅಂಟಿದ್ದು ಮೂರಕ್ಕೆ ಮಾತ್ರ. ನಿಕ್ಕಲ್ ಹೆಚ್ಚಿರುವ ಒಳ್ಳೆಯ ಸ್ಟೀಲಿಗೇ ಆಯಸ್ಕಾಂತ ಹಿಡಿಯುವುದಿಲ್ಲ. "ನನ್ನ ಮದುವೆಗೆ ಕೊಟ್ಟ ದಬರಿ ಕಣಮ್ಮಾ, ಎಷ್ಟು ಗಟ್ಟಿ ನೋಡು" ಅಂತ ಅತ್ತೆ ಮತ್ತೆ ಮತ್ತೆ ಆನೆ ಒತ್ತಿ ನೋಡಿದರು. ಅದು ಪ್ರತಿ ಸಲವೂ ಜಾರಿ ಬಿತ್ತು.

ಮ್ಯಾಗ್ನೆಟ್ ಪರ್ಸಿನಲ್ಲಿ ಹಾಕಿಕೊಂಡೇ ಗಾಂಧಿ ಬಜಾರಿಗೆ ಹೋದೆ. ಒಂದು ಪಾತ್ರೆ ಅಂಗಡಿಯವರು "ಸ್ಟೀಲ್ ಅಲ್ವಾ ಅಮ್ಮಾ, ನಡೆಯುತ್ತೆ" ಅಂದರು. ತಳಕ್ಕೆ ಆನೆ ಇಟ್ಟೆ, ನಿಲ್ಲಲಿಲ್ಲ. ಅವರು ಮಾತಾಡದೆ ಆ ಬಾಣಲೆ ಒಳಗಿಟ್ಟರು. ಇನ್ನೊಂದು ಅಂಗಡಿಯ ಹುಡುಗ ಚೆನ್ನಾಗಿ ತೋರಿಸಿಕೊಟ್ಟ. ತಳದಲ್ಲಿ ಸುರುಳಿ ಚಿಹ್ನೆ ಇದ್ದರಷ್ಟೇ ಸಾಲದು, ಮ್ಯಾಗ್ನೆಟ್ ತಳದ ಅಂಚಿನವರೆಗೂ ಅಂಟಬೇಕು. ಕೆಲವು ಅಲ್ಯೂಮಿನಿಯಂ ಪಾತ್ರೆಗಳಿಗೆ ನಡುವೆ ಚಿಕ್ಕ ಸ್ಟೀಲ್ ಬಿಲ್ಲೆ ಒತ್ತಿರುತ್ತಾರೆ, ಅಷ್ಟು ಜಾಗ ಮಾತ್ರ ಕಾಯುತ್ತದೆ. ಆಮೇಲೆ ಸ್ಕೇಲ್ ಅಡ್ಡ ಇಟ್ಟು ತಳ ಸಪಾಟಾಗಿದೆಯಾ ನೋಡಬೇಕು. ಕೆಳಗೆ ಬೆಳಕು ಇಣುಕಿದರೆ ಬೇಡ. 3 ಲೀಟರ್ ಸ್ಟೀಲ್ ಕುಕ್ಕರ್ ₹2,350, ದಪ್ಪ ತಳದ ಬಾಣಲೆ ₹1,280, ಹಾಲಿಗೆ ಒಂದು ಪಾತ್ರೆ ₹890. ಇಷ್ಟರಲ್ಲೇ ನಾಲ್ಕು ಜನರ ಅಡುಗೆ ಆಗುತ್ತದೆ. ಹತ್ತು ಪಾತ್ರೆಯ ಸೆಟ್ ತೆಗೆದುಕೊಳ್ಳುವ ಅಗತ್ಯ ಇಲ್ಲ.

ಸ್ಟೌ ಅಂಗಡಿಯಲ್ಲಿ ಇನ್‌ಫ್ರಾರೆಡ್ ಸ್ಟೌ ಕೂಡ ತೋರಿಸಿದ್ದರು. ಅದಕ್ಕೆ ಯಾವ ಲೋಹದ ಪಾತ್ರೆಯಾದರೂ ಆಗುತ್ತದೆ. ಆದರೆ ಅದರ ಗಾಜಿನ ಕೆಳಗೆ ಕೆಂಪಗೆ ಕಾಯುತ್ತದೆ, ಆರಿಸಿದ ಮೇಲೂ ಗಾಜು ಬಹಳ ಹೊತ್ತು ಸುಡುತ್ತಿರುತ್ತದೆ. ನಮ್ಮ ಮಗನಿಗೆ ನಾಲ್ಕು ವರ್ಷ, ಹಾಗಾಗಿ ಬೇಡ ಅಂದೆ. ಇಂಡಕ್ಷನ್ ಗಾಜೂ ಪಾತ್ರೆಯ ಶಾಖಕ್ಕೆ ಬಿಸಿಯಾಗುತ್ತದೆ, ಕುಕ್ಕರ್ ಇಳಿಸಿದ ತಕ್ಷಣ ಮುಟ್ಟಬಾರದು. ಆದರೆ ಬೇಗ ತಣಿಯುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಮನಿಸಿ. ನಮ್ಮ ಮಾವನಿಗೆ ಪೇಸ್‌ಮೇಕರ್ ಹಾಕಿದ್ದಾರೆ. ಸ್ಟೌ ಜೊತೆ ಬಂದ ಪುಸ್ತಕದ ಎಚ್ಚರಿಕೆ ಓದಿ, ಡಾಕ್ಟರನ್ನೂ ಕೇಳಿದೆವು. ಸ್ಟೌ ಓಡುವಾಗ ಎರಡು ಅಡಿ ದೂರ ಇರಲಿ, ಮೇಲೆ ಬಗ್ಗುವುದು ಬೇಡ ಅಂದರು. ಅದಕ್ಕೆ ಸ್ಟೌವನ್ನು ಕಟ್ಟೆಯ ಆ ತುದಿಗೆ ಸರಿಸಿದೆ. ಮಾವ ಬೆಳಗ್ಗೆ ಐದಕ್ಕೆ ಎದ್ದು ಡಿಕಾಕ್ಷನ್‌ಗೆ ನೀರು ಕಾಯಿಸುವುದು ಗ್ಯಾಸ್ ಮೇಲೆಯೇ. ನಿಮ್ಮ ಮನೆಯಲ್ಲೂ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಸ್ಟೌ ತರುವ ಮುಂಚೆಯೇ ಅವರ ಡಾಕ್ಟರನ್ನು ಕೇಳಿ.

ಅಡುಗೆ ಹೇಗೆ? ಅನ್ನ, ಬೇಳೆ, ಸಾರು, ಪಲ್ಯ ಎಲ್ಲ ತುಂಬಾ ಚೆನ್ನಾಗಿ ಆಗುತ್ತದೆ. ಬೇಸಿಗೆಯಲ್ಲಿ ಅಡುಗೆಮನೆ ಬೇಯುವುದಿಲ್ಲ, ಇದು ದೊಡ್ಡ ಸುಖ. ಕುಕ್ಕರ್ ಮಾತ್ರ ಬೇಗ ಪ್ರೆಷರ್ ಹಿಡಿಯುತ್ತದೆ. ಮೊದಲ ವಿಷಲ್ ಬಂದ ಕೂಡಲೇ ನಾನು 1600ರಿಂದ 800ಕ್ಕೆ ಇಳಿಸುತ್ತೇನೆ, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಕಡಿಮೆ ಉರಿಯಲ್ಲಿ ಈ ಸ್ಟೌ ಒಂದೇ ಸಮನೆ ಕಾಯಿಸುವುದಿಲ್ಲ. ಸ್ವಲ್ಪ ಹೊತ್ತು ಹತ್ತುತ್ತದೆ, ಸ್ವಲ್ಪ ಹೊತ್ತು ಆರುತ್ತದೆ. ಶಾವಿಗೆ ಪಾಯಸ ಕುದ್ದು ನಿಂತು ಕುದ್ದು ನಿಂತು ಮಾಡುವುದನ್ನು ನೋಡಬೇಕು. ಪಾಯಸಕ್ಕೆ, ಹಾಲಿಗೆ ದಪ್ಪ ತಳವೇ ಬೇಕು.

ದೋಸೆ ನನಗೆ ಸಮಾಧಾನ ಕೊಡಲಿಲ್ಲ. ಕಬ್ಬಿಣದ ಹೆಂಚು ಕಾಯುವುದೇನೋ ಚೆನ್ನಾಗಿ ಕಾಯುತ್ತದೆ. ಆದರೆ ಸುರುಳಿ ಇರುವಷ್ಟು ಅಗಲ ಮಾತ್ರ. ನಡುವೆ ಕೆಂಪು ಬಳೆಯಂತೆ ಗರಿಗರಿ, ಅಂಚೆಲ್ಲ ಬಿಳುಪು. ಹೆಂಚನ್ನು ಗಾಜಿನ ಮೇಲೆ ಎಳೆದಾಡಿದರೆ ಗೀರು ಬೀಳುತ್ತದೆ, ಎತ್ತಿ ಇಡಬೇಕು. ಒಗ್ಗರಣೆ ಸೌಟು ಕಬ್ಬಿಣದ್ದೇ ಆದರೂ ತಳ ತೀರಾ ಚಿಕ್ಕದು, ಪಾತ್ರೆ ಇದೆ ಅಂತಲೇ ಸ್ಟೌಗೆ ಗೊತ್ತಾಗುವುದಿಲ್ಲ. ಹಾಗಾಗಿ ಈಗ ಬಾಣಲೆಯಲ್ಲಿ ಮೊದಲೇ ಒಗ್ಗರಣೆ ಹಾಕಿ ಅದರ ಮೇಲೆ ಸಾರು ಸುರಿಯುತ್ತೇನೆ.

ಅಡುಗೆ ಮುಗಿದ ಮೇಲೆ ಬಟನ್ ಒತ್ತಿ ಆರಿಸಿ, ಒಳಗಿನ ಫ್ಯಾನ್ ತಾನಾಗಿ ನಿಂತ ಮೇಲೆಯೇ ಗೋಡೆಯ ಸ್ವಿಚ್ ಆರಿಸಿ. ಕೆಳಗೆ ಪೇಪರ್ ಹಾಸಬೇಡಿ. ನಾನು ಹಾಸಿದ್ದೆ. ಆ ಫ್ಯಾನ್ ಪೇಪರನ್ನು ಎಳೆದುಕೊಂಡು ಗಾಳಿ ಬರುವ ದಾರಿಯನ್ನೇ ಮುಚ್ಚಿತ್ತು.

ಬಿಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. 2000 ವ್ಯಾಟ್ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್. ನಮಗೆ ತಿಂಗಳಿಗೆ ಸುಮಾರು 35 ಯೂನಿಟ್ ಹೆಚ್ಚಾಗಿದೆ. ಗೃಹಜ್ಯೋತಿಯಲ್ಲಿ ನಮಗೆ ಸಿಗುವುದು 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ 10% ಮಾತ್ರ. ಅದನ್ನು ದಾಟಿದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಸೊನ್ನೆ ಬರುತ್ತಿದ್ದ ಬಿಲ್ ಈಗ ₹240ರ ಆಸುಪಾಸು ಬರುತ್ತಿದೆ. ಮೊದಲು ಒಂದು ತಿಂಗಳು ಬರುತ್ತಿದ್ದ ಸಿಲಿಂಡರ್ ಈಗ ಮೂರು ತಿಂಗಳು ಬರುತ್ತಿದೆ. ಅದರಲ್ಲಿ ಮಾವನ ಕಾಫಿ, ನಮ್ಮ ದೋಸೆ, ಹಬ್ಬದ ದಿನ ಅತ್ತೆಯ ಹಿತ್ತಾಳೆ ಪಾತ್ರೆಯ ಪೊಂಗಲ್ ಎಲ್ಲ ಆಗುತ್ತದೆ.