ರೆಗ್ಯುಲೇಟರ್ ಇರುವ ಏರ್ ರೈಫಲ್ಲಾ, ಇಲ್ಲದ್ದಾ?

ರೆಗ್ಯುಲೇಟರ್ ಇಲ್ಲದ ಪಿಸಿಪಿ (ಸಿಲಿಂಡರ್‌ನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ) ರೈಫಲ್‌ನಲ್ಲಿ ಸಿಲಿಂಡರ್ ಒತ್ತಡ ಇಳಿದಂತೆ ಪೆಲೆಟ್ ವೇಗ ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ. ನಡುವಿನ ಒಂದಷ್ಟು ಹೊಡೆತಗಳು ಮಾತ್ರ ಒಂದೇ ಸಮ. ರೆಗ್ಯುಲೇಟರ್ ಇದ್ದರೆ ಸಿಲಿಂಡರ್‌ನಲ್ಲಿ 200 ಬಾರ್ ಇರಲಿ, 150 ಇರಲಿ, ಹೊಡೆತಕ್ಕೆ ಗಾಳಿ ಬಿಡುವ ವಾಲ್ವ್‌ಗೆ ಸಿಗುವ ಒತ್ತಡ ಹೆಚ್ಚುಕಡಿಮೆ ಒಂದೇ.

ಇದರಿಂದ ಲಾಭ ಎಷ್ಟು? 10 ಮೀಟರ್‌ನಲ್ಲಿ ಡಬ್ಬಿ ಹೊಡೆಯುವವರಿಗೆ ಏನೂ ಇಲ್ಲ, ಸುಮ್ನೆ ಖರ್ಚು. 50 ಮೀಟರ್‌ನಲ್ಲಿ ಕಥೆ ಬೇರೆ. ಸೆಕೆಂಡಿಗೆ 280 ಮೀಟರ್ ವೇಗದಲ್ಲಿ 10 ಮೀಟರ್ ಏರುಪೇರಾದರೂ ಪೆಲೆಟ್ ಒಂದು ಸೆಂಟಿಮೀಟರಿಗೂ ಜಾಸ್ತಿ ಮೇಲೆ ಕೆಳಗೆ ಬೀಳುತ್ತದೆ.

ಆದರೆ ರೆಗ್ಯುಲೇಟರ್ ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. ವಾಲ್ವ್ ಬಡಿದು ತೆರೆಯುವ ಹ್ಯಾಮರ್‌ನ ಸ್ಪ್ರಿಂಗನ್ನು ಅದಕ್ಕೆ ಹೊಂದಿಸಬೇಕು. ಕ್ರೋನೋಗ್ರಾಫ್ (ಪೆಲೆಟ್ ವೇಗ ಅಳೆಯುವ ಯಂತ್ರ) ಇಟ್ಟು ಸ್ಪ್ರಿಂಗ್ ಬಿಗಿ ಮಾಡುತ್ತಾ ಹೋಗಿ. ವೇಗ ಏರುವುದು ನಿಂತ ಕಡೆಯಿಂದ ಸ್ವಲ್ಪ ಸಡಿಲಿಸಿ. ಅದಕ್ಕೂ ಬಿಗಿ ಮಾಡಿದರೆ ಗಾಳಿ ದಂಡ, ಅಷ್ಟೇ. ರೈಫಲ್ಲನ್ನು ಸ್ವಲ್ಪ ಹೊತ್ತು ಹೊಡೆಯದೆ ಬಿಟ್ಟಿಟ್ಟ ಮೇಲೆ ಮೊದಲ ಹೊಡೆತದ ವೇಗ ಮಾತ್ರ ಬೇರೆ ಬಂದರೆ ರೆಗ್ಯುಲೇಟರ್ ಒಳಗೆ ಸೋರುತ್ತಿರಬಹುದು. ರಿಪೇರಿಯ ಈ ತಲೆನೋವು ರೆಗ್ಯುಲೇಟರ್ ಇಲ್ಲದ ರೈಫಲ್‌ನಲ್ಲಿ ಇಲ್ಲ.

ದೂರದ ಗುರಿ ಇದ್ದರೆ ನನ್ನ ಓಟು ರೆಗ್ಯುಲೇಟರ್‌ಗೆ. ಜೊತೆಗೆ ಕ್ರೋನೋಗ್ರಾಫ್‌ಗೂ ದುಡ್ಡು ಎತ್ತಿಡಿ.